ಹೊಂಡ ಆಮೇಲೆ ಅಗೆಯಿರಿ, ಮೊದಲು ನೀರಿನ ಲೆಕ್ಕ ಹಾಕಿ

ಕೃಷಿ ಹೊಂಡ ಮಾಡಿಸಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಸಬ್ಸಿಡಿ ಎಷ್ಟು ಸಿಗುತ್ತದೆ, ಹಿಟಾಚಿಗೆ ಗಂಟೆಗೆ ಎಷ್ಟು. ಹೊಂಡಕ್ಕೆ ನೀರು ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆ ಹುಟ್ಟುವುದು ಅಗೆದು ಮುಗಿದ ಮೇಲೆ. ಅದಕ್ಕೇ ಕೋಲಾರ, ಚಳ್ಳಕೆರೆ, ಪಾವಗಡದ ಕಡೆ ಹೋದರೆ ನೀರು ಇಂಗದಿರಲಿ ಅಂತ ಹಾಸಿ, ಬಿಸಿಲಿಗೆ ಸುಕ್ಕುಗಟ್ಟಿದ ಕಪ್ಪು ಪ್ಲಾಸ್ಟಿಕ್ ಶೀಟು, ತಳದಲ್ಲಿ ಒಂದಿಷ್ಟು ಕೆಸರು, ಅಷ್ಟೇ ಇರುವ ಹೊಂಡಗಳು ಕಣ್ಣಿಗೆ ಬೀಳುತ್ತವೆ. ಹೊಂಡ ಕೆಟ್ಟದ್ದಲ್ಲ. ನೀರು ಬರುವ ದಾರಿಯನ್ನು ಯಾರೂ ಮೊದಲು ನೋಡಿರಲಿಲ್ಲ ಅಷ್ಟೇ.

ಇಲ್ಲಿ ಬರೆಯುತ್ತಿರುವುದು ಆ ದಾರಿಯ ಬಗ್ಗೆ. ಇನ್ನೂ ಹೊಂಡ ಅಗೆಯದವರಿಗೆ ಇದು ಜಾಸ್ತಿ ಉಪಯೋಗ. ಅಗೆದು ಕೂತವರಿಗೂ ಕೆಲವು ಭಾಗ ಕೆಲಸಕ್ಕೆ ಬರುತ್ತದೆ.

ಹೊಂಡದಲ್ಲಿ ನಿಜವಾಗಿ ಎಷ್ಟು ನೀರು ಹಿಡಿಯುತ್ತದೆ

2014ರಲ್ಲಿ ಹೊಂಡಕ್ಕೆ ಸಬ್ಸಿಡಿ ಕೊಡುವ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮಲ್ಲಿ ಹೊಂಡ ಅಂದರೆ ಸಿದ್ಧ ಅಳತೆಗಳು ಅಂತಾಗಿದೆ. 10 × 10 ಮೀಟರಿನಿಂದ 21 × 21 ಮೀಟರಿನವರೆಗೆ, ಆಳ 3 ಮೀಟರ್. ದೊಡ್ಡದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

21 × 21 × 3 ಗುಣಿಸಿದರೆ 1,323 ಘನ ಮೀಟರ್, ಅಂದರೆ 13 ಲಕ್ಷ ಲೀಟರ್. ಊರಲ್ಲಿ ಎಲ್ಲರೂ ಹೇಳುವ ಲೆಕ್ಕ ಇದೇ. ಆದರೆ ಹೊಂಡದ ಗೋಡೆ ನೆಟ್ಟಗಿರುವುದಿಲ್ಲ, ಇಳಿಜಾರಾಗಿರುತ್ತದೆ. ಒಂದಕ್ಕೆ ಒಂದರಂತೆ, ಅಂದರೆ ಒಂದು ಮೀಟರ್ ಆಳಕ್ಕೆ ಪ್ರತಿ ಬದಿಯಲ್ಲಿ ಒಂದು ಮೀಟರ್ ಒಳಗೆ ಬರುವಂತೆ ಇಳಿಜಾರು ಕೊಟ್ಟರೆ ತಳಕ್ಕೆ ಹೋಗುವಷ್ಟರಲ್ಲಿ ಅದು 15 × 15 ಆಗಿರುತ್ತದೆ. ಸರಿಯಾದ ಲೆಕ್ಕ ಹೀಗೆ: ಮೇಲಿನ ವಿಸ್ತೀರ್ಣ 441, ನಡುವಿನ ವಿಸ್ತೀರ್ಣದ (18 × 18) ನಾಲ್ಕು ಪಟ್ಟು 1,296, ತಳದ್ದು 225. ಮೂರನ್ನೂ ಕೂಡಿಸಿ, 6ರಿಂದ ಭಾಗಿಸಿ, ಆಳದಿಂದ ಗುಣಿಸಿ. ಸಿಗುವುದು 981 ಘನ ಮೀಟರ್, ಅಂದರೆ 9.8 ಲಕ್ಷ ಲೀಟರ್. ಕೋಡಿಯನ್ನು, ಅಂದರೆ ಹೆಚ್ಚಾದ ನೀರು ಹೊರಗೆ ಹೋಗುವ ದಾರಿಯನ್ನು, ಹೊಂಡದ ಬಾಯಿಗಿಂತ ಒಂದಡಿ ಕೆಳಗೆ ಇಡಲೇಬೇಕು, ಹಾಗಾಗಿ ನೀರು ನಿಲ್ಲುವುದು 8.5 ಲಕ್ಷ ಲೀಟರಿನಷ್ಟು. 13 ಲಕ್ಷ ಅಂದುಕೊಂಡು ಬೆಳೆ ಇಟ್ಟವರಿಗೆ ಇಲ್ಲೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಖೋತಾ ಆಯಿತು.

ಇನ್ನು ಬಿಸಿಲು. ನಮ್ಮ ಬಯಲುಸೀಮೆಯಲ್ಲಿ ತೆರೆದ ನೀರು ದಿನಕ್ಕೆ 4ರಿಂದ 6 ಮಿಲಿಮೀಟರ್ ಆವಿಯಾಗುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಕೇಳಲಿಕ್ಕೆ ಸಣ್ಣದು. ಆದರೆ ನಾಲ್ಕು ತಿಂಗಳು ನೀರು ಇಟ್ಟುಕೊಂಡರೆ ಈ ಹೊಂಡದಿಂದ ಸುಮಾರು 2 ಲಕ್ಷ ಲೀಟರ್ ಆಕಾಶಕ್ಕೆ ಹೋಯಿತು. ಶೀಟು ಉಳಿಯಬೇಕಾದರೆ ತಳದಲ್ಲಿ ಒಂದಡಿ ನೀರನ್ನೂ ಬಿಡಬೇಕು. ಕೊನೆಗೆ ಬೆಳೆಗೆ ಸಿಗುವುದು ಐದೂವರೆ, ಆರು ಲಕ್ಷ.

ಅದು ಕಡಿಮೆ ಅಲ್ಲ. ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಸುಮಾರು 1 ಲಕ್ಷ ಲೀಟರ್ ಬೇಕು. ಮೂರು ಎಕರೆ ರಾಗಿಗೆ, ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಾಗ, ತುಂತುರು ನೀರಾವರಿಯಲ್ಲಿ ಎರಡು ಸಲ ಒಂದೊಂದು ಇಂಚು ಕೊಡಬಹುದು. ಬೆಳೆ ಉಳಿಯುವುದು ಅಷ್ಟರಲ್ಲೇ. ಆದರೆ ಇದೇ ಹೊಂಡ ನಂಬಿ ಒಂದು ಎಕರೆ ಟೊಮೆಟೊ ಹಾಕಿದರೆ, ಬಿಸಿಲಿನ ದಿನಗಳಲ್ಲಿ ಡ್ರಿಪ್‌ನಲ್ಲೂ ದಿನಕ್ಕೆ 15ರಿಂದ 20 ಸಾವಿರ ಲೀಟರ್ ಬೇಕಾಗುತ್ತದೆ, ಒಂದು ತಿಂಗಳಲ್ಲಿ ಹೊಂಡ ಖಾಲಿ. ಯಾವ ಬೆಳೆಗೆ ಈ ನೀರು ಅನ್ನುವುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಮಳೆ ನೀರು: ಹೊಲದಿಂದ ಎಷ್ಟು ಹರಿದು ಬರುತ್ತದೆ

ಲೆಕ್ಕದ ಬುನಾದಿ ಸುಲಭ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಂದು ಎಕರೆ ಅಂದರೆ 4,047 ಚದರ ಮೀಟರ್. ಆದ್ದರಿಂದ ಎಕರೆಗೆ ಒಂದು ಮಿಲಿಮೀಟರ್ ಮಳೆ ಅಂದರೆ ನಾಲ್ಕು ಸಾವಿರ ಲೀಟರ್.

ಬಿದ್ದಿದ್ದೆಲ್ಲ ಹರಿಯುವುದಿಲ್ಲ. 5 ಮಿಲಿಮೀಟರ್, 10 ಮಿಲಿಮೀಟರ್ ಮಳೆಯನ್ನು ಉತ್ತ ನೆಲ ಹಾಗೇ ಕುಡಿದುಬಿಡುತ್ತದೆ. ನೀರು ಹರಿಯುವುದು ಜೋರು ಮಳೆಯಲ್ಲಿ, ಅದೂ ನೆಲ ಮೊದಲೇ ನೆಂದಿದ್ದಾಗ. ದಕ್ಷಿಣ ಒಳನಾಡಿನಲ್ಲಿ ಅಂಥ ಮಳೆ ಜಾಸ್ತಿ ಬರುವುದು ಉತ್ತರೆ, ಹಸ್ತ, ಚಿತ್ತೆಯಲ್ಲಿ, ಅಂದರೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಕೆಂಪು ಮಣ್ಣಿನ ಹೊಲಕ್ಕೆ ಒಟ್ಟು ಮಳೆಯ ನೂರಕ್ಕೆ 10ರಿಂದ 20 ಭಾಗ ಹರಿಯುತ್ತದೆ ಅಂತ ಇಟ್ಟುಕೊಳ್ಳಿ. ಕಪ್ಪು ಮಣ್ಣು ಒಮ್ಮೆ ನೆಂದು ಬಿರುಕು ಮುಚ್ಚಿಕೊಂಡ ಮೇಲೆ ಇನ್ನೂ ಜಾಸ್ತಿ ಬಿಡುತ್ತದೆ.

ಈಗ ನಮ್ಮ ಉದಾಹರಣೆ. ಹಂಗಾಮಿನಲ್ಲಿ 500 ಮಿಲಿಮೀಟರ್ ಮಳೆ, ಹರಿಯುವುದು ನೂರಕ್ಕೆ 15. ಅಂದರೆ 75 ಮಿಲಿಮೀಟರ್. ಎಕರೆಗೆ 3 ಲಕ್ಷ ಲೀಟರ್. 8.5 ಲಕ್ಷದ ಹೊಂಡ ಒಂದು ಸಲ ತುಂಬಲು ಸುಮಾರು ಮೂರು ಎಕರೆಯ ನೀರು ಹೊಂಡದ ಕಡೆಗೆ ಇಳಿಯಬೇಕು. ನಿಮ್ಮ ಹೊಲ ಮೂರು ಎಕರೆ ಇದ್ದರೆ ಸಾಲದು, ಆ ಮೂರು ಎಕರೆಯ ಇಳಿಜಾರು ಹೊಂಡದ ಕಡೆಗೇ ಇರಬೇಕು. ಅರ್ಧ ಹೊಲ ಆ ಕಡೆ, ಅರ್ಧ ಈ ಕಡೆ ಬಾಗಿದ್ದರೆ ಲೆಕ್ಕವೂ ಅರ್ಧ. ಆಗ 21 ಮೀಟರಿನ ಹೊಂಡ ಬೇಡ, 15 ಮೀಟರಿನದು ಮಾಡಿ, ಅದು ತುಂಬುತ್ತದೆ. ಅರ್ಧ ತುಂಬಿದ ದೊಡ್ಡ ಹೊಂಡಕ್ಕೆ ಶೀಟಿನ ಖರ್ಚು ಜಾಸ್ತಿ, ಅಗಲ ಜಾಸ್ತಿ ಇರುವುದರಿಂದ ಆವಿಯೂ ಜಾಸ್ತಿ.

ನಿಮ್ಮ ಹೋಬಳಿಯ ಮಳೆ ಅಂಕಿ ಬೇಕಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಪಂಚಾಯಿತಿ ಮಟ್ಟದಲ್ಲೇ ಇವೆ. ಹತ್ತು ವರ್ಷದ ಅಂಕಿ ಸಿಕ್ಕರೆ ಸರಾಸರಿಯನ್ನು ನಂಬಬೇಡಿ, ಕಡಿಮೆ ಮಳೆಯಾದ ಮೂರ್ನಾಲ್ಕು ವರ್ಷಗಳನ್ನು ನೋಡಿ ಲೆಕ್ಕ ಹಾಕಿ. ಹೊಂಡ ಬೇಕಾಗುವುದೇ ಅಂಥ ವರ್ಷದಲ್ಲಿ, ಅಲ್ವಾ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೊಂಡ ತುಂಬಲಿ ಅಂತ ಹೊಲದ ಬದುಗಳನ್ನು ಒಡೆಯಬೇಡಿ. ಬದು ಹಿಡಿದ ನೀರು ಮಣ್ಣಿಗೆ ಇಳಿದು ಬೇರಿಗೇ ಸಿಗುತ್ತದೆ, ಅದಕ್ಕೆ ಪಂಪ್ ಬೇಡ, ಡೀಸೆಲ್ ಬೇಡ. ಬದು ತುಂಬಿ ಮಿಕ್ಕಿದ್ದು ಹೊಂಡಕ್ಕೆ ಬರಲಿ.

ಮಟ್ಟ ನೋಡುವುದು

ಕಣ್ಣಳತೆಯಲ್ಲಿ ಇಳಿಜಾರು ಗೊತ್ತಾಗುವುದಿಲ್ಲ. ಗಾರೆ ಕೆಲಸದವರು ಬಳಸುವ ಪಾರದರ್ಶಕ ಪೈಪು ಇದೆಯಲ್ಲ, ಅದರಲ್ಲಿ ನೀರು ತುಂಬಿ ಗುಳ್ಳೆ ಹೋಗುವ ತನಕ ಕಾಯಿರಿ. ಇಬ್ಬರು ಬೇಕು. ಎರಡು ಒಂದೇ ಅಳತೆಯ ಕೋಲಿಗೆ ಪೈಪಿನ ಎರಡು ತುದಿ ಕಟ್ಟಿ, 50 ಅಡಿಗೊಂದು ಗೂಟ ಹೊಡೆಯುತ್ತಾ ಹೋಗಿ, ಪ್ರತಿ ಗೂಟದಲ್ಲಿ ಮಟ್ಟ ಎಷ್ಟು ಇಳಿಯಿತು ಅಂತ ಪುಸ್ತಕದಲ್ಲಿ ಬರೆಯಿರಿ. ಒಂದು ಬೆಳಗ್ಗೆಯ ಕೆಲಸ. ಎಲ್ಲಕ್ಕಿಂತ ತಗ್ಗಿನ ಮೂಲೆ ಯಾವುದು, ನೀರು ಯಾವ ಸಾಲಿನಲ್ಲಿ ಬರುತ್ತದೆ ಅನ್ನುವುದು ಕಾಗದದ ಮೇಲೆ ಬರುತ್ತದೆ. ಜೋರು ಮಳೆ ಬಂದಾಗ ಛತ್ರಿ ಹಿಡಿದು ಹೊಲಕ್ಕೆ ಹೋಗಿ ನಿಂತರೆ ಇನ್ನೂ ಒಳ್ಳೆಯದು. ನೀರೇ ದಾರಿ ತೋರಿಸುತ್ತದೆ, ಹರಿದ ಕಡೆ ಕಲ್ಲಿಟ್ಟು ಗುರುತು ಮಾಡಿ ಬನ್ನಿ.

ಆದರೆ ಅತಿ ತಗ್ಗಿನ ಮೂಲೆಯಲ್ಲೇ ಹೊಂಡ ಮಾಡಿದರೆ ಉಕ್ಕಿದ ನೀರು ಪಕ್ಕದವರ ಹೊಲಕ್ಕೆ ನುಗ್ಗುತ್ತದೆ. ಕೋಡಿ ನೀರು ಹೋಗಲು ನಿಮ್ಮ ಜಾಗದಲ್ಲೇ ಹತ್ತಿಪ್ಪತ್ತು ಅಡಿ ಉಳಿಸಿಕೊಳ್ಳಿ.

ಒಳಹರಿವು: ಎಲ್ಲರೂ ಎಡವುವುದು ಇಲ್ಲೇ

ನಾಲ್ಕಿಂಚಿನ ಒಂದು ಪೈಪು ಹೂತು ನೀರು ಬರುವ ದಾರಿ ಮಾಡಿದ್ದೇವೆ ಅನ್ನುತ್ತಾರೆ. ಜೋರು ಮಳೆಯ ದಿನ ಆ ಪೈಪಿನ ಬಾಯಿಗೆ ಕಸ ಕಟ್ಟಿ, ನೀರು ಏರಿಯ ಮೇಲೆ ಹತ್ತಿ, ಶೀಟಿನ ಕೆಳಗೆ ನುಗ್ಗಿ, ಒಂದೇ ರಾತ್ರಿಯಲ್ಲಿ ಗೋಡೆ ಕುಸಿಯುತ್ತದೆ. ಯಾಕೆ ಅಂದರೆ ಗಂಟೆಗೆ 60 ಮಿಲಿಮೀಟರ್ ವೇಗದ ಮಳೆಯಲ್ಲಿ ಮೂರು ಎಕರೆಯಿಂದ ಸೆಕೆಂಡಿಗೆ ಸುಮಾರು 80 ಲೀಟರ್ ನೀರು ಬರಬಹುದು. ನಾಲ್ಕಿಂಚಿನ ಪೈಪು ಇಳಿಜಾರಿನಲ್ಲಿ ಸಾಗಿಸುವುದು ಸೆಕೆಂಡಿಗೆ 12 ಲೀಟರಿನಷ್ಟು, ಆರಿಂಚಿನದು 25ರ ಆಸುಪಾಸು. ಎಲ್ಲಿಗೆ ಸಾಕಾಗುತ್ತದೆ ಹೇಳಿ.

ಮಳೆ ನೀರಿಗೆ ತೆರೆದ ಕಾಲುವೆಯೇ ಸರಿ. ತಳ ಒಂದೂವರೆ ಅಡಿ ಅಗಲ, ಆಳ ಒಂದಡಿ, ಎರಡೂ ಪಕ್ಕ ಇಳಿಜಾರು, 200 ಅಡಿಗೆ ಒಂದಡಿ ಇಳಿಯುವಂತೆ ಮಾಡಿದರೆ ಮೂರು ಎಕರೆಯ ನೀರು ಆರಾಮಾಗಿ ಬರುತ್ತದೆ. ಇದಕ್ಕಿಂತ ಕಡಿದಾಗಿ ಮಾಡಿದರೆ ಕೆಂಪು ಮಣ್ಣು ಕೊರೆಯುತ್ತದೆ. ಕಡಿದಾಗಿ ಮಾಡಲೇಬೇಕಾದ ಜಾಗದಲ್ಲಿ ಕಲ್ಲು ಹಾಸಿ, ಇಲ್ಲವೇ ಗರಿಕೆ ಬೆಳೆಯಲು ಬಿಡಿ.

ಹೊಂಡದ ಬಾಯಿಗೆ ಹತ್ತು ಅಡಿ ಮುಂಚೆ ಹೂಳು ಗುಂಡಿ ಇರಲಿ. ಆರಡಿ ಉದ್ದ, ಆರಡಿ ಅಗಲ, ಮೂರಡಿ ಆಳ. ನೀರು ಇದಕ್ಕೆ ಬಿದ್ದು, ಸ್ವಲ್ಪ ನಿಧಾನವಾಗಿ, ಮರಳು ಮಣ್ಣನ್ನು ಬಿಟ್ಟು, ಎದುರು ಬದಿಯಿಂದ ಉಕ್ಕಿ ಹೊಂಡಕ್ಕೆ ಹೋಗಬೇಕು. ಒಳಗೆ ಬರುವ ಬಾಯಿ, ಹೊರಗೆ ಹೋಗುವ ಬಾಯಿ ಒಂದೇ ಗೆರೆಯಲ್ಲಿದ್ದರೆ ನೀರು ನಿಲ್ಲದೆ ನೇರ ದಾಟಿ ಹೋಗುತ್ತದೆ, ಸ್ವಲ್ಪ ಓರೆಯಾಗಿರಲಿ. ಹೊರಗೆ ಹೋಗುವ ಕಡೆ ಒಂದು ಜಾಲರಿ ಇಟ್ಟರೆ ಎಲೆ ಕಸ ನಿಲ್ಲುತ್ತದೆ. ಪ್ರತಿ ದೊಡ್ಡ ಮಳೆ ಆದ ಮೇಲೆ ಈ ಗುಂಡಿಯ ಮಣ್ಣು ತೆಗೆದು ಹೊಲಕ್ಕೆ ಹಾಕಿ. ಅದು ನಿಮ್ಮ ಹೊಲದ ಮೇಲ್ಮಣ್ಣೇ, ಗೊಬ್ಬರದ ಸತ್ವ ಇರುವ ಮಣ್ಣು.

ಗುಂಡಿಯಿಂದ ಹೊಂಡಕ್ಕೆ ಇಳಿಯುವ ಜಾಗದಲ್ಲಿ ನೀರು ನೇರವಾಗಿ ಶೀಟಿನ ಮೇಲೆ ಬೀಳಬಾರದು. ಅಲ್ಲಿ ಮೇಲಿಂದ ತಳದವರೆಗೆ ಇನ್ನೊಂದು ಶೀಟಿನ ತುಂಡು ಹಾಸಿ. ಕೋಡಿಯ ಬಾಯಿ ಒಳಹರಿವಿನ ಬಾಯಿಗಿಂತ ಅಗಲವಾಗಿರಲಿ, ಅದಕ್ಕೆ ಕಲ್ಲು ಕಟ್ಟಿಸಿ. ಹಣ ಕಡಿಮೆ ಬಿದ್ದರೆ ಬೇರೆ ಎಲ್ಲಾದರೂ ಉಳಿಸಿ, ಕೋಡಿಯಲ್ಲಿ ಮಾತ್ರ ಬೇಡ.

ಪಾಲಿಹೌಸ್ ಇದ್ದವರಿಗೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ದಪ್ಪ ಮೆಣಸಿನಕಾಯಿ, ಗುಲಾಬಿ ಬೆಳೆಯುವವರ ಹತ್ತಿರ ಇದಕ್ಕಿಂತ ಒಳ್ಳೆಯ ಜಾಗ ತಲೆ ಮೇಲೇ ಇದೆ. 20 ಗುಂಟೆ ಪಾಲಿಹೌಸ್ ಚಾವಣಿಗೆ ಅದೇ 500 ಮಿಲಿಮೀಟರ್ ಮಳೆ ಬಿದ್ದರೆ, ನೂರಕ್ಕೆ 85 ಭಾಗ ಹಿಡಿದರೂ 8.6 ಲಕ್ಷ ಲೀಟರ್. ಮೂರು ಎಕರೆ ಹೊಲ ಕೊಡುವ ನೀರನ್ನು ಅರ್ಧ ಎಕರೆ ಪ್ಲಾಸ್ಟಿಕ್ ಕೊಡುತ್ತದೆ. ಅದೂ ಸಣ್ಣ ಮಳೆಯಲ್ಲೂ ಕೊಡುತ್ತದೆ, ಹೂಳಿಲ್ಲ, ಉಪ್ಪಿಲ್ಲ. ಆಳದ ಬೋರಿನ ಗಡಸು ನೀರಿನಿಂದ ಡ್ರಿಪ್ ಕಟ್ಟಿಕೊಂಡು ಒದ್ದಾಡುವವರಿಗೆ ಈ ನೀರು ಬೆರೆಸಿದರೆ ಎಷ್ಟೋ ಅನುಕೂಲ.

ಗಟರ್ ನೀರು ಇಳಿಸಲು ಆರಿಂಚಿನ ಪೈಪು ಎರಡು ಇರಲಿ. ವರ್ಷದ ಮೊದಲ ಒಂದೆರಡು ಮಳೆಯನ್ನು ಹೊರಗೆ ಬಿಟ್ಟುಬಿಡಿ, ಚಾವಣಿಯ ಧೂಳೆಲ್ಲ ತೊಳೆದು ಹೋಗಲಿ.

ಬೋರ್‌ವೆಲ್ ನೀರು

ಬೋರ್ ಕೊರೆದಾಗ "ಎರಡು ಇಂಚು ನೀರು" ಅನ್ನುತ್ತಾರೆ. ಆ ಇಂಚು ಪೈಪಿನ ಇಂಚಲ್ಲ. ವಿ ಆಕಾರದ ಕಚ್ಚಿರುವ ತಗಡಿನ ಮೇಲೆ ಹರಿಯುವ ನೀರಿನ ಎತ್ತರ ಅದು. ಎತ್ತರ ದುಪ್ಪಟ್ಟಾದರೆ ನೀರು ದುಪ್ಪಟ್ಟಾಗುವುದಿಲ್ಲ, ಐದು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಒಂದು ಇಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಅಂದರೆ 2,900. ಮೂರು ಇಂಚು ಅಂದರೆ 8,000. ಹಾಗಾಗಿ ಎರಡು ಇಂಚಿದ್ದ ಬೋರು ಒಂದೂವರೆಗೆ ಇಳಿಯಿತು ಅಂದರೆ ಅರ್ಧಕ್ಕರ್ಧ ನೀರು ಹೋಯಿತು ಅಂತಲೇ ಅರ್ಥ.

ಹಳೇ ಬೋರಿಗೆ 200 ಲೀಟರ್ ಡ್ರಮ್ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿ. ಮೋಟಾರ್ ಹಾಕಿದ ಕೂಡಲೇ ಅಳೆಯಬೇಡಿ, ಎರಡು ಮೂರು ಗಂಟೆ ಓಡಿದ ಮೇಲೆ ಅಳೆಯಿರಿ. ನಾಲ್ಕು ನಿಮಿಷ ಚಿಲ್ಲರೆಗೆ ತುಂಬಿದರೆ ಅದು ಎರಡು ಇಂಚಿನ ಬೋರು. ಏಪ್ರಿಲಿನಲ್ಲಿ ಒಂದು ಸಲ, ನವೆಂಬರಿನಲ್ಲಿ ಒಂದು ಸಲ ಅಳೆದರೆ ಬೋರಿನ ಪೂರ್ತಿ ಗುಣ ಗೊತ್ತಾಗುತ್ತದೆ.

ತ್ರೀ ಫೇಸ್ ಕರೆಂಟು ದಿನಕ್ಕೆ 7 ಗಂಟೆ ಸಿಕ್ಕಿತು ಅಂದುಕೊಳ್ಳಿ. ಎರಡಿಂಚಿನ ಬೋರಿನಿಂದ ದಿನಕ್ಕೆ 20 ಸಾವಿರ ಲೀಟರ್. ಅದರಲ್ಲಿ ಎರಡು ಸಾವಿರದ ಮೇಲೆ ಆವಿ. 8.5 ಲಕ್ಷ ತುಂಬಲು ಒಂದೂವರೆ ತಿಂಗಳಿಗಿಂತ ಜಾಸ್ತಿ, ಅಷ್ಟು ದಿನ ಬೆಳೆಗೆ ಒಂದು ಹನಿ ಕೊಡದೆ. ಇದಕ್ಕೇ ನನ್ನ ಅಭಿಪ್ರಾಯ ಇಷ್ಟು: ಬೋರ್ ನೀರಿನಿಂದ ದೊಡ್ಡ ಹೊಂಡ ತುಂಬಿಸಿ ತಿಂಗಳುಗಟ್ಟಲೆ ಇಡಬೇಡಿ. ಸಾವಿರ ಅಡಿ ಆಳದಲ್ಲಿ ನೆರಳಿನಲ್ಲಿದ್ದ ನೀರನ್ನು ಕರೆಂಟು ಖರ್ಚು ಮಾಡಿ ಮೇಲೆತ್ತಿ ಬಿಸಿಲಿಗೆ ಒಣಗಲು ಇಟ್ಟಂತೆ. ರಾತ್ರಿ ಕರೆಂಟು ಬಂದಾಗ ಎತ್ತಿಟ್ಟು ಹಗಲು ಡ್ರಿಪ್‌ಗೆ ಬಿಡಲು ಮೂರು ನಾಲ್ಕು ದಿನದ ನೀರು ಹಿಡಿಯುವ ಸಣ್ಣ ಹೊಂಡ ಸಾಕು, ಅದಕ್ಕೆ ಶೀಟು ಕಡ್ಡಾಯ. ಮಳೆ ಹೊಂಡ ಬೇರೆ, ಬೋರ್ ಹೊಂಡ ಬೇರೆ ಅಂತಲೇ ಯೋಚಿಸಿ.

ಹೊಂಡಕ್ಕೋಸ್ಕರ ಹೊಸ ಬೋರ್ ಕೊರೆಸುವ ಮುನ್ನ 2011ರ ಅಂತರ್ಜಲ ಕಾಯ್ದೆ ನೆನಪಿರಲಿ. ಆ ಕಾಯ್ದೆಯಡಿ ಸರ್ಕಾರ ಗುರುತಿಸಿದ (ಅಧಿಸೂಚಿತ) ತಾಲೂಕುಗಳಲ್ಲಿ ಅನುಮತಿ ಬೇಕು.

ಹಳ್ಳ, ಕಾಲುವೆ, ಕೆರೆ

ಹೊಲದ ಪಕ್ಕ ಹಳ್ಳ ಇದ್ದರೆ ಆಸೆಯಾಗುವುದು ಸಹಜ. ಮೊದಲು ಜಮೀನಿನ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಅಥವಾ ಗ್ರಾಮ ನಕಾಶೆಯಲ್ಲಿ ಅದು ಏನು ಅಂತ ನೋಡಿ. ಬಿ ಖರಾಬು ಆಗಿದ್ದರೆ ಸರ್ಕಾರದ್ದು, ಅದಕ್ಕೆ ಅಡ್ಡ ಕಟ್ಟುವಂತಿಲ್ಲ, ತಿರುಗಿಸುವಂತಿಲ್ಲ. ಕೆರೆಗೆ ನೀರು ತರುವ ರಾಜಕಾಲುವೆಯಾದರೆ ಮುಟ್ಟಲೇಬೇಡಿ. ಕೆಳಗೊಂದು ಕೆರೆ, ಅದರ ಅಚ್ಚುಕಟ್ಟು, ಅದನ್ನು ನಂಬಿದ ನೂರಾರು ಮನೆ ಇರುತ್ತವೆ. ನೀರಾವರಿ ಕಾಲುವೆಯಿಂದ ಅನುಮತಿ ಇಲ್ಲದೆ ಪಂಪ್ ಇಟ್ಟು ಎಳೆಯುವುದು 1965ರ ಕರ್ನಾಟಕ ನೀರಾವರಿ ಕಾಯ್ದೆಯಡಿ ಅಪರಾಧ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆಯಲ್ಲ, ಅದು ಇರುವುದು ಅಂತರ್ಜಲ ತುಂಬಲು. ಕೆರೆಗೆ ಮೋಟಾರ್ ಇಟ್ಟು ಹೊಂಡಕ್ಕೆ ಎಳೆದರೆ ಊರಿನ ಬೋರುಗಳ ಪಾಲನ್ನು ಕಿತ್ತುಕೊಂಡಂತಾಗುತ್ತದೆ.

ಅನುಮತಿ ಇದ್ದು ಪಂಪ್ ಮಾಡುವವರು ಪೈಪಿನ ಅಗಲದಲ್ಲಿ ಜಿಪುಣತನ ಮಾಡಬೇಡಿ. 20 ಮೀಟರ್ ಎತ್ತರಕ್ಕೆ 5 ಎಚ್‌ಪಿ ಪಂಪು ಗಂಟೆಗೆ 30 ಸಾವಿರ ಲೀಟರ್ ಚಿಲ್ಲರೆ ಎತ್ತಬಲ್ಲದು. ಆದರೆ ಅಷ್ಟು ನೀರನ್ನು ಮೂರಿಂಚಿನ ಪೈಪಿನಲ್ಲಿ ತಳ್ಳಿದರೆ ಪ್ರತಿ 100 ಮೀಟರಿಗೆ ಉಜ್ಜಾಟದಲ್ಲೇ ಸುಮಾರು 6 ಮೀಟರ್ ಎತ್ತರದಷ್ಟು ಒತ್ತಡ ನಷ್ಟ. ನಾಲ್ಕಿಂಚಿನಲ್ಲಿ ಒಂದೂವರೆ ಮೀಟರ್. ಅರ್ಧ ಕಿಲೋಮೀಟರ್ ದೂರಕ್ಕೆ ಮೂರಿಂಚು ಹಾಕಿದರೆ 30 ಮೀಟರ್ ಹೋಯಿತು, ಅಂದರೆ ಹೊಂಡಕ್ಕೆ ಎತ್ತಬೇಕಾದ ಎತ್ತರಕ್ಕಿಂತ ಪೈಪು ತಿನ್ನುವುದೇ ಜಾಸ್ತಿ. ಆಗ ಬರುವ ನೀರು ನೋಡಿ ಪಂಪ್ ಸರಿಯಿಲ್ಲ ಅಂತ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗುತ್ತಾರೆ.

ಶೀಟು ಬೇಕೋ ಬೇಡವೋ

ಹೊಂಡ ಬರುವ ಜಾಗದಲ್ಲಿ ಮೂರಡಿ ಗುಂಡಿ ತೆಗೆದು, ಒಂದು ದಿನ ಚೆನ್ನಾಗಿ ನೆನೆಸಿ, ಮರುದಿನ ಸಂಜೆ ತುಂಬಿಸಿ ಕೋಲಿಟ್ಟು ಗುರುತು ಮಾಡಿ. ಬೆಳಗ್ಗೆಗೆ ಒಂದೆರಡು ಇಂಚು ಇಳಿದಿದ್ದರೂ ಅದು ನೀರು ಹಿಡಿಯುವ ನೆಲ ಅಲ್ಲ, ಶೀಟು ಬೇಕು. ಒಳ್ಳೆಯ ಎರೆಮಣ್ಣಾದರೆ ಶೀಟಿಲ್ಲದೆಯೂ ನಿಲ್ಲಬಹುದು. ಶೀಟಿನ ದಪ್ಪ 500 ಮೈಕ್ರಾನ್ ಇರಲಿ. ಹಾಸುವ ಮೊದಲು ಗೋಡೆಯ ಕಲ್ಲು, ಬೇರು ಎಲ್ಲ ತೆಗೆದು ಕೈಯಿಂದ ಸವರಿ ನೋಡಿ. ಅಂಚನ್ನು ಸುತ್ತಲೂ ಒಂದೂವರೆ ಅಡಿ ಆಳದ ಸಾಲಿನಲ್ಲಿ ಹೂಳಿ. ಮಧ್ಯಾಹ್ನದ ಬಿಸಿಲಿನಲ್ಲಿ ಬಿಗಿಯಾಗಿ ಎಳೆದು ಹಾಸಿದರೆ ರಾತ್ರಿ ತಣ್ಣಗಾದಾಗ ಕುಗ್ಗಿ ಬೆಸುಗೆ ಬಿಡುತ್ತದೆ, ಸ್ವಲ್ಪ ಸಡಿಲವಾಗಿರಲಿ.

ಅಗೆಯುವ ದಿನಕ್ಕೆ

ಸಬ್ಸಿಡಿಗೆ ಅರ್ಜಿ ಹಾಕಿದ್ದರೆ ಕಾರ್ಯಾದೇಶ ಕೈಗೆ ಬರುವ ತನಕ ಹಿಟಾಚಿ ಕರೆಯಬೇಡಿ. ಬೇಸಿಗೆಯಲ್ಲೇ ಅಗೆದು, ಕಾಲುವೆ, ಹೂಳು ಗುಂಡಿ, ಕೋಡಿ ಮೂರನ್ನೂ ರೋಹಿಣಿ ಮಳೆಗೆ ಮುಂಚೆ ಮುಗಿಸಿ. ಹೊಂಡ ಮುಗಿಸಿ "ಕೋಡಿ ಆಮೇಲೆ ಮಾಡೋಣ" ಅಂದವರ ಹೊಂಡಕ್ಕೆ ಮೊದಲ ಜೋರು ಮಳೆಯೇ ಅಪಾಯ.

ಬೇಲಿಯೂ ಅದೇ ದಿನ ಆಗಬೇಕು, ನೀರು ಬಂದ ಮೇಲಲ್ಲ. ಶೀಟು ಹಾಸಿದ ಹೊಂಡದ ಗೋಡೆ ನೆಂದರೆ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗ ತಳದವರೆಗೆ ಇಳಿಬಿಡಿ, ಮೇಲೆ ಕಲ್ಲಿನ ಕಂಬಕ್ಕೆ ಬಿಗಿಯಾಗಿ ಕಟ್ಟಿ. ಗಾಳಿ ತುಂಬಿದ ಹಳೇ ಲಾರಿ ಟ್ಯೂಬ್ ಒಂದನ್ನು ಬೇಲಿಗೆ ಸಿಕ್ಕಿಸಿಡಿ. ಗೇಟಿಗೆ ಬೀಗ ಹಾಕಿ, ಪಂಪ್ ನೋಡಿಕೊಳ್ಳುವವರ ಹತ್ತಿರ ಮಾತ್ರ ಕೀ ಇರಲಿ, ರಜಾ ದಿನಗಳಲ್ಲಿ ಮಕ್ಕಳು ಹೊಲದ ಕಡೆ ಬರುವಾಗ ಒಂದು ಸಲ ಹೋಗಿ ಬೀಗ ಎಳೆದು ನೋಡಿ ಬನ್ನಿ.